ತಪಾಸಣೆ ಮಾಡಲಿ, ಆದರೆ ಹೇಳಿ ಮಾಡಲಿ

ವಿಮಾನ ನಿಲ್ದಾಣದಲ್ಲಿ ತಪಾಸಣೆ ಬೇಕೋ ಬೇಡವೋ ಅನ್ನುವ ವಾದ ನನ್ನ ಪಾಲಿಗೆ ಎಂದೋ ಮುಗಿದಿದೆ. 1985ರಲ್ಲಿ ಏರ್ ಇಂಡಿಯಾದ ಕನಿಷ್ಕ ವಿಮಾನ ಸಮುದ್ರದ ಮೇಲೆ ಸಿಡಿಯಿತು. ಸೂಟ್‌ಕೇಸ್ ಒಳಗೆ ಬಾಂಬ್ ಇಟ್ಟವನು ಚೀಲವನ್ನು ಮಾತ್ರ ಕಳಿಸಿ ತಾನು ವಿಮಾನ ಹತ್ತಲೇ ಇಲ್ಲ, ಸತ್ತವರು 329 ಜನ. ಇವತ್ತು ಚೀಲ ಹಾಕಿದವನು ಹತ್ತದಿದ್ದರೆ ಆ ಚೀಲವನ್ನು ಹುಡುಕಿ ಕೆಳಗಿಳಿಸುತ್ತಾರಲ್ಲ, ನಾವು ಒಳಗೆ ಕೂತು 'ಯಾಕಿಷ್ಟು ತಡ' ಅಂತ ಗೊಣಗುತ್ತೇವಲ್ಲ, ಅದರ ಹಿಂದೆ ಇಂಥ ಸಾವುಗಳಿವೆ. ಆಮೇಲೆ 1999ರ ಡಿಸೆಂಬರ್ ಬಂತು. ಕಠ್ಮಂಡುವಿನಿಂದ ದೆಹಲಿಗೆ ಹೊರಟಿದ್ದ ಐಸಿ 814 ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದರು. ಒಬ್ಬ ಪ್ರಯಾಣಿಕನನ್ನು ಕೊಂದರು, ಜೈಲಿನಲ್ಲಿದ್ದ ಮೂವರು ಉಗ್ರರನ್ನು ಬಿಡಿಸಿಕೊಂಡು ಹೋದರು. ನಮ್ಮ ನಿಲ್ದಾಣಗಳ ಕಾವಲಿಗೆ ಕೇಂದ್ರದ ಭದ್ರತಾ ಪಡೆ ಸಿಐಎಸ್ಎಫ್ ಬಂದದ್ದು ಅದಾದ ಮೇಲೆಯೇ.

ಹಾಗಾಗಿ ಮೈ ತಡವಿ ನೋಡಿದರೆ ಅವಮಾನ ಅನ್ನುವ ಗುಂಪಿನವನು ನಾನಲ್ಲ. ನೋಡಲಿ. ಗಟ್ಟಿಯಾಗಿ ನೋಡಲಿ. ಆದರೆ ಹೇಗೆ ನೋಡುತ್ತಾರೆ, ಯಾರೆದುರು ನೋಡುತ್ತಾರೆ, ನೋಡಿದ್ದರಲ್ಲಿ ಏನನ್ನು ತಮ್ಮ ಹತ್ತಿರ ಉಳಿಸಿಕೊಳ್ಳುತ್ತಾರೆ, ಇದನ್ನು ಕೇಳುವ ಹಕ್ಕು ನಮಗಿದೆ, ಅಲ್ವಾ? ಈ ಪ್ರಶ್ನೆ ಎತ್ತಿದ ಕೂಡಲೇ 'ನಿನಗೆ ದೇಶದ ಭದ್ರತೆ ಬೇಡವಾ' ಅಂತ ಬಾಯಿ ಮುಚ್ಚಿಸುವವರು ಸಿಗುತ್ತಾರೆ. ನನಗೆ ಎರಡೂ ಬೇಕು. ಎರಡೂ ಒಟ್ಟಿಗೆ ಸಿಗುತ್ತವೆ ಅಂತಲೂ ಗೊತ್ತು, ಯಾಕಂದರೆ ಕಣ್ಣಾರೆ ಕಂಡಿದ್ದೇನೆ.

ನಮ್ಮ ಕಡೆ ವಿಮಾನ ಹತ್ತುವವರು ಈಗ ಜಾಸ್ತಿ ಆಗಿದ್ದಾರೆ. ಬಳ್ಳಾರಿಯವರಿಗೆ ತೋರಣಗಲ್ಲು ಹತ್ತಿರದ ವಿದ್ಯಾನಗರ ಇದೆ, ಕೊಪ್ಪಳದ ನಾವು ಅಲ್ಲಿಗೋ ಹುಬ್ಬಳ್ಳಿಗೋ ಹೋಗುತ್ತೇವೆ, ರಾಯಚೂರಿನವರು ಸೀದಾ ಹೈದರಾಬಾದಿಗೆ. ಮೊದಲೆಲ್ಲ ವಿಮಾನ ಅಂದರೆ ಗಣಿ ಧಣಿಗಳು, ಇಲ್ಲ ಗಲ್ಫ್‌ಗೆ ದುಡಿಯಲು ಹೋಗುವ ಹುಡುಗರು. ಈಗ ಕಾಶಿಗೆ ಹೊರಟ ಅಜ್ಜಿ, ಮಗಳ ಬಾಣಂತನಕ್ಕೆ ಪುಣೆಗೆ ಹೊರಟ ತಾಯಿ ಎಲ್ಲರೂ ಆ ಸಾಲಿನಲ್ಲಿ ನಿಲ್ಲುತ್ತಾರೆ. ಇವರ ಮೈಮೇಲೆ ಏನೇನಿರುತ್ತದೆ ನೋಡಿ. ಬೆಳ್ಳಿ ಕಾಲುಂಗುರ, ತಾಳಿ, ಕೆಲವರ ನಡುವಿನಲ್ಲಿ ಬೆಳ್ಳಿ ಉಡದಾರ, ಕೊರಳಲ್ಲಿ ಶಿವದಾರಕ್ಕೆ ಕಟ್ಟಿದ ಕರಡಿಗೆ. ಬಾಗಿಲ ಚೌಕಟ್ಟಿನಂಥ ಆ ಮೆಟಲ್ ಡಿಟೆಕ್ಟರ್‌ಗೆ ಇದೆಲ್ಲ ಬರೀ ಲೋಹ. ಅದು ಕೂಗುತ್ತದೆ.

ನಮ್ಮವ್ವನಿಗೆ ಎರಡೂ ಮಂಡಿಗೆ ಆಪರೇಷನ್ ಆಗಿದೆ, ಒಳಗೆ ಲೋಹದ ಕೀಲು ಇದೆ. ಕೊರಳಲ್ಲಿ ಬೆಳ್ಳಿ ಕರಡಿಗೆ, ಅದರೊಳಗೆ ಇಷ್ಟಲಿಂಗ. ದೀಕ್ಷೆ ಆದ ದಿನದಿಂದ ಅದು ಮೈಯಿಂದ ಬೇರೆ ಆಗಿಲ್ಲ, ಬೇರೆಯವರು ಅದನ್ನು ಮುಟ್ಟಿಲ್ಲ. ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವಾಗಲೂ ಡಾಕ್ಟರು ಒಪ್ಪಿ, ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿದ್ದರು. ಇಂಥವಳನ್ನು ಕಾಶಿಗೆ ಕರೆದುಕೊಂಡು ಹೊರಟಿದ್ದೆ. ಯಾವ ನಿಲ್ದಾಣ ಅಂತ ಹೇಳುವುದಿಲ್ಲ, ದೊಡ್ಡ ನಿಲ್ದಾಣ ಅಂದರೆ ಸಾಕು.

ಗೇಟು ಕೂಗಿತು. ಹೆಂಗಸರನ್ನು ಪರದೆ ಹಾಕಿದ ಸಣ್ಣ ಗೂಡಿನೊಳಗೆ ಹೆಂಗಸರೇ ನೋಡುತ್ತಾರೆ, ಆ ವ್ಯವಸ್ಥೆ ಒಳ್ಳೆಯದು. ಒಳಗಿದ್ದ ಹುಡುಗಿ ಕೈಯಲ್ಲಿ ಹಿಡಿಯುವ ಡಿಟೆಕ್ಟರ್ ಮಂಡಿ ಹತ್ತಿರ ತಂದಳು, ಅದೂ ಕೂಗಿತು. ಅವಳು ಹಿಂದಿಯಲ್ಲಿ ಏನೋ ಕೇಳಿದಳು. ಅವ್ವನಿಗೆ ಹಿಂದಿ ಬರುವುದಿಲ್ಲ. ಕರಡಿಗೆ ತೋರಿಸಿ, ತೆಗೆದು ಟ್ರೇಯಲ್ಲಿ ಇಡು ಅಂತ ಸನ್ನೆ ಮಾಡಿದಳು. ಅವ್ವ ಎರಡೂ ಕೈಯಲ್ಲಿ ಕರಡಿಗೆ ಹಿಡಿದುಕೊಂಡು ನಿಂತುಬಿಟ್ಟಳು. 'ಅದನ್ನ ಮುಟ್ಟಬ್ಯಾಡವ್ವ ತಂಗಿ, ಅದನ್ನ ಬಿಟ್ಟು ಬ್ಯಾರೆ ಏನರ ತಗಿ' ಅಂದದ್ದು ನನಗೆ ಆಚೆ ಕೇಳಿಸಿತು. ನಾನು ಗಂಡಸರ ಸಾಲಿನಲ್ಲಿ, ಬೆಲ್ಟ್ ಬಿಚ್ಚಿ ಟ್ರೇಯಲ್ಲಿ ಹಾಕಿ ನಿಂತವನು. ಒಳಗೆ ಹೋಗುವ ಹಾಗಿಲ್ಲ. ಅಲ್ಲಿಂದಲೇ ಕೂಗಿದೆ: ಮಂಡಿ ಆಪರೇಷನ್ ಆಗಿದೆ, ಒಳಗೆ ಕಬ್ಬಿಣ ಇದೆ, ಕೊರಳಲ್ಲಿ ಇರುವುದು ದೇವರು. ಸಾಲಿನಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು. ನಮ್ಮವ್ವನ ಮಂಡಿ, ನಮ್ಮವ್ವನ ದೇವರು, ಎರಡನ್ನೂ ಅಷ್ಟು ಜನರ ಮುಂದೆ ನಾನೇ ಸಾರಬೇಕಾಯಿತು.

ಪರದೆ ಇತ್ತು, ಹೆಣ್ಣು ಸಿಬ್ಬಂದಿ ಇದ್ದರು, ನಿಯಮದ ಪ್ರಕಾರ ಎಲ್ಲ ಸರಿಯಾಗೇ ಇತ್ತು. ಆದರೂ ಖಾಸಗಿ ಅನ್ನುವುದು ಏನೂ ಉಳಿಯಲಿಲ್ಲ. ಕಾರಣ ಇಷ್ಟೇ, ಅವ್ವನ ಮಾತು ಬಲ್ಲವರು ಒಳಗೆ ಇರಲಿಲ್ಲ.

ಆಮೇಲೆ ಇನ್ನೊಬ್ಬ ಅಧಿಕಾರಿ ಬಂದರು. ವಯಸ್ಸಾದ ಹೆಣ್ಣುಮಗಳು, ಮಾತು ಕೇಳಿದರೆ ನಮ್ಮ ಕಡೆಯವರೇ ಅನಿಸಿತು. 'ಅವ್ವಾರ, ನಾ ಮುಟ್ಟಂಗಿಲ್ಲ, ನೀವ ಕರಡಿಗಿ ತಗದು ತೋರಸ್ರಿ' ಅಂದರು. ಅವ್ವ ಕರಡಿಗೆ ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡು ತೋರಿಸಿದಳು. ಅವರು ಬಗ್ಗಿ ನೋಡಿದರು. ಒಂದು ಸಣ್ಣ ಪಟ್ಟಿಯನ್ನು ಅವ್ವನ ಎರಡೂ ಅಂಗೈಗೆ ಸವರಿ ಯಂತ್ರಕ್ಕೆ ಹಾಕಿದರು. ಸ್ಫೋಟಕ ಮುಟ್ಟಿದ ಕೈಯಾದರೆ ಅದರ ಕಣ ಆ ಪಟ್ಟಿಗೆ ಅಂಟಿರುತ್ತದೆ, ಯಂತ್ರ ಕೆಲವೇ ಸೆಕೆಂಡಿನಲ್ಲಿ ಹೇಳಿಬಿಡುತ್ತದೆ. ಮಂಡಿಯನ್ನು ಸೀರೆ ಮೇಲಿಂದ ಒತ್ತಿ ನೋಡಿದರು, ಒತ್ತುವ ಮೊದಲು ಹೇಳಿ ಒತ್ತಿದರು. ಮುಗಿಯಿತು. ಮೊದಲಿನ ಹುಡುಗಿ ಮಾಡಬೇಕೆಂದಿದ್ದ ತಪಾಸಣೆಗಿಂತ ಇದು ಒಂದು ಕೈ ಹೆಚ್ಚೇ ಆಯಿತು. ಲಿಂಗವನ್ನು ಯಾರೂ ಮುಟ್ಟಲಿಲ್ಲ.

ಆ ಹುಡುಗಿಯನ್ನು ನಾನು ಬೈಯುವುದಿಲ್ಲ. ಉತ್ತರದ ಯಾವುದೋ ಊರಿನಿಂದ ಬಂದು, ಇಡೀ ದಿನ ನಿಂತು, ಸಾವಿರಾರು ಜನರ ಮೈ ನೋಡುವ ಕೆಲಸ ಅವಳದು. ಇಷ್ಟಲಿಂಗ ಅಂದರೇನು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಸಿಖ್ಖರ ಕಿರ್ಪಾಣ್ ವಿಚಾರದಲ್ಲಿ ನೋಡಿ, ದೇಶದ ಒಳಗಿನ ವಿಮಾನದಲ್ಲಿ ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರಬಾರದು ಅಂತ ಲೆಕ್ಕ ಹಾಕಿ 2022ರಲ್ಲಿ ನಿಯಮವನ್ನೇ ಬರೆದಿದ್ದಾರೆ. ಅಲಗಿರುವ ವಸ್ತುವಿಗೇ ಇಷ್ಟು ವಿವರವಾಗಿ ಯೋಚಿಸಲು ಆಗುತ್ತದೆ ಅಂದಮೇಲೆ, ಕರಡಿಗೆಯನ್ನು ಅವರವರೇ ಬಿಚ್ಚಿ ತೋರಿಸಲಿ ಅಂತ ಒಂದು ಸಾಲು ತರಬೇತಿಯಲ್ಲಿ ಸೇರಿಸುವುದು ಕಷ್ಟವೇ? ಕೃತಕ ಕಾಲಿನವರ ಗೋಳೂ ಹೀಗೆಯೇ. ನೃತ್ಯಗಾರ್ತಿ ಸುಧಾ ಚಂದ್ರನ್ 2021ರಲ್ಲಿ ವಿಡಿಯೋ ಮಾಡಿ, ಪ್ರತಿ ಸಲ ತನ್ನ ಕೃತಕ ಕಾಲು ಬಿಚ್ಚಿಸುತ್ತಾರೆ ಅಂತ ಪ್ರಧಾನಿಗೇ ಮನವಿ ಮಾಡಿದರು. ಸಿಐಎಸ್ಎಫ್ ಕ್ಷಮೆ ಕೇಳಿತು. ಹೆಸರು ಇದ್ದವರು ಹೇಳಿದ್ದಕ್ಕೆ ಕ್ಷಮೆ ಬಂತು. ಹೆಸರಿಲ್ಲದವರು ಎಷ್ಟು ಜನ ಸುಮ್ನೆ ಕಾಲು ಬಿಚ್ಚಿ ಟ್ರೇಯಲ್ಲಿ ಇಟ್ಟಿರಬಹುದು.

ಚೀಲದ ವಿಚಾರವೂ ಸ್ವಲ್ಪ ಹೇಳುತ್ತೇನೆ, ಯಾಕಂದರೆ ನಮ್ಮ ಮಂದಿ ಇಲ್ಲಿಯೇ ಹೆಚ್ಚು ಮುಜುಗರ ಪಡುತ್ತಾರೆ. ಎಕ್ಸ್‌ರೇ ಪರದೆ ಮೇಲೆ ಲೋಹ ನೀಲಿಯಾಗಿ ಕಾಣುತ್ತದೆ, ಊಟ, ಬಟ್ಟೆ, ಕಾಗದದಂಥವು ಕಿತ್ತಳೆ ಬಣ್ಣದಲ್ಲಿ. ಸ್ಫೋಟಕಗಳೂ ಹೆಚ್ಚಾಗಿ ಕಿತ್ತಳೆಯೇ. ನಮ್ಮ ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿಯನ್ನು ಡಬ್ಬಿಯಲ್ಲಿ ಒತ್ತಿ ತುಂಬಿದರೆ ಪರದೆಯಲ್ಲಿ ಅದು ದಟ್ಟ ಕಿತ್ತಳೆ ಗಡ್ಡೆ. ಚೀಲ ತೆರೆಸುತ್ತಾರೆ, ತೆರೆಸಲೇಬೇಕು. ಆದರೆ ಚಟ್ನಿ ಡಬ್ಬಿ ಹುಡುಕುವಾಗ ಹೆಂಗಸರ ಒಳಬಟ್ಟೆಯನ್ನು ಎಲ್ಲರ ಎದುರು ಮೇಜಿನ ಮೇಲೆ ಹರಡಬೇಕಾಗಿಲ್ಲ. ಪಕ್ಕಕ್ಕೆ ಒಂದು ತಡಿಕೆ ಇದ್ದರೂ ಸಾಕಿತ್ತು.

ಯಂತ್ರ ಬಂದರೆ ಇದೆಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. ಅಮೆರಿಕದ ಕಥೆ ಕೇಳಿ. 2009ರ ಕ್ರಿಸ್‌ಮಸ್ ದಿನ ಒಬ್ಬ ಒಳಚಡ್ಡಿಯಲ್ಲಿ ಸ್ಫೋಟಕ ಹೊಲಿದುಕೊಂಡು ಡೆಟ್ರಾಯಿಟ್‌ಗೆ ಹೊರಟ ವಿಮಾನ ಹತ್ತಿದ. ಲೋಹ ಅಲ್ಲವಲ್ಲ, ಗೇಟು ಕೂಗಲಿಲ್ಲ. ಅದು ಸರಿಯಾಗಿ ಸಿಡಿಯದೆ ಜನ ಬದುಕಿಕೊಂಡರು. ಅದಾದ ಮೇಲೆ ಅಲ್ಲಿ ಇಡೀ ಮೈ ನೋಡುವ ಸ್ಕ್ಯಾನರ್‌ಗಳನ್ನು ಸಾಲುಸಾಲಾಗಿ ಹಾಕಿದರು. ಅದರಲ್ಲಿ ಎಕ್ಸ್‌ರೇ ಬಗೆಯ ಸ್ಕ್ಯಾನರ್ ಎಂಥದ್ದು ಅಂದರೆ, ಬಟ್ಟೆ ಇಲ್ಲದ ಮೈಯ ಆಕಾರವೇ ಇನ್ನೊಂದು ಕೋಣೆಯಲ್ಲಿ ಕೂತವರಿಗೆ ಕಾಣುತ್ತಿತ್ತು. ಜನ ಸಿಟ್ಟಾದರು, ಕೋರ್ಟಿಗೆ ಹೋದರು. ಭದ್ರತೆಗೆ ಬೇರೆ ದಾರಿಯೇ ಇಲ್ಲ, ಸಹಿಸಿಕೊಳ್ಳಿ ಅನ್ನುವ ಮಾತು ಅಲ್ಲೂ ಕೇಳಿಬಂತು. ಕೊನೆಗೆ ಅಲ್ಲಿನ ಸಂಸತ್ತೇ 2012ರಲ್ಲಿ ಕಾನೂನು ಮಾಡಿ, ಪರದೆ ಮೇಲೆ ಯಾರ ಮೈಯೂ ಕಾಣಬಾರದು, ಎಲ್ಲರಿಗೂ ಒಂದೇ ಗೊಂಬೆಯ ಚಿತ್ರ ಬರಬೇಕು, ಅನುಮಾನ ಇರುವ ಜಾಗಕ್ಕೆ ಮಾತ್ರ ಗುರುತು ಬೀಳಬೇಕು ಅಂತ ಹೇಳಿತು. ಹಾಗೆ ಬದಲಾಗದ ಯಂತ್ರಗಳನ್ನು 2013ರ ಹೊತ್ತಿಗೆ ಹೊರಗೆ ಹಾಕಿದರು. ಗೊಂಬೆ ಚಿತ್ರ ಬಂತು ಅಂತ ವಿಮಾನ ಬೀಳಲಿಲ್ಲ. ಬೇರೆ ದಾರಿ ಇತ್ತು. ಜನ ಜಗಳ ಮಾಡಿದ್ದಕ್ಕೆ ಅದು ಸಿಕ್ಕಿತು.

ಇನ್ನೊಂದು ಸಂಗತಿ ಇದೆ. 2015ರಲ್ಲಿ ಅಲ್ಲಿನ ಸರ್ಕಾರದವರೇ ವೇಷ ಮರೆಸಿ ನಿಷೇಧಿತ ವಸ್ತು ಒಯ್ದು ಪರೀಕ್ಷೆ ಮಾಡಿದಾಗ 70ರಲ್ಲಿ 67 ಸಲ ಯಾರೂ ಹಿಡಿಯಲಿಲ್ಲ ಅಂತ ವರದಿಯಾಯಿತು. ಮೈಯೆಲ್ಲ ತೋರಿಸಿಯೂ ಕಾವಲು ಸಡಿಲ ಇರಬಹುದು. ಮರ್ಯಾದೆ ಕಳೆದುಕೊಂಡಷ್ಟೂ ಭದ್ರತೆ ಹೆಚ್ಚುತ್ತದೆ ಅನ್ನುವ ಲೆಕ್ಕ ಸುಳ್ಳು. ನಮ್ಮಲ್ಲೂ 2019ರಲ್ಲಿ ಸೂಕ್ಷ್ಮ ಅನಿಸಿಕೊಂಡ 84 ನಿಲ್ದಾಣಗಳಲ್ಲಿ ಬಾಡಿ ಸ್ಕ್ಯಾನರ್ ಹಾಕಲು ಆದೇಶವಾಯಿತು, ಗೊಂಬೆ ಚಿತ್ರದ ಬಗೆಯದ್ದು. ಅವು ಎಲ್ಲ ಕಡೆ ಬಂದರೆ ನನಗೆ ಸಂತೋಷವೇ. ಅವ್ವನ ಮಂಡಿ ಒತ್ತುವುದು ತಪ್ಪುತ್ತದೆ.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ, ಮುಖ. ಮೈ ತಡವಿದವರು ಎರಡು ನಿಮಿಷಕ್ಕೆ ನನ್ನನ್ನು ಮರೆಯುತ್ತಾರೆ. ಕ್ಯಾಮೆರಾ ಮರೆಯಬೇಕಾದರೆ ಯಾರಾದರೂ ಮರೆಸಬೇಕು. ಮುಖ ನೋಡಿ ಒಳಗೆ ಬಿಡುವ ಡಿಜಿಯಾತ್ರಾ ಅನ್ನುವ ವ್ಯವಸ್ಥೆ 2022ರ ಡಿಸೆಂಬರ್‌ನಲ್ಲಿ ದೆಹಲಿ, ಬೆಂಗಳೂರು, ವಾರಾಣಸಿಯಲ್ಲಿ ಶುರುವಾಯಿತು. ಮೊಬೈಲಿನಲ್ಲಿ ಆಧಾರ್ ಜೊತೆ ಮುಖ ಜೋಡಿಸಿ, ಟಿಕೆಟ್ ಸೇರಿಸಿದರೆ ಗೇಟು ನಮ್ಮ ಮುಖ ನೋಡಿ ತೆರೆಯುತ್ತದೆ. ಮಾಹಿತಿ ನಿಮ್ಮ ಮೊಬೈಲಿನಲ್ಲೇ ಇರುತ್ತದೆ, ನಿಲ್ದಾಣಕ್ಕೆ ಕೊಟ್ಟದ್ದನ್ನು ವಿಮಾನ ಹೊರಟ 24 ಗಂಟೆಯೊಳಗೆ ಅಳಿಸುತ್ತಾರೆ ಅಂತ ಹೇಳುತ್ತಾರೆ. ಒಳ್ಳೆಯ ಮಾತು. ಆದರೆ ಭದ್ರತೆಯ ಅಗತ್ಯ ಬಿದ್ದರೆ ಅಳಿಸುವ ಅವಧಿಯನ್ನು ಬದಲಿಸಲು ಅದೇ ನೀತಿಯಲ್ಲಿ ಅವಕಾಶವನ್ನೂ ಇಟ್ಟುಕೊಂಡಿದ್ದಾರೆ. ನಡೆಸುವುದು ಸರ್ಕಾರದ ಇಲಾಖೆಯೂ ಅಲ್ಲ, ನಿಲ್ದಾಣ ನಡೆಸುವವರೇ ಸೇರಿ ಕಟ್ಟಿದ ಒಂದು ಪ್ರತಿಷ್ಠಾನ, ಅದರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು 26 ಶೇಕಡ.

ಇದು ಕಡ್ಡಾಯ ಅಲ್ಲ ಅನ್ನುವುದನ್ನು ನಮ್ಮ ಊರಿನವರಿಗೆ ಮತ್ತೆ ಮತ್ತೆ ಹೇಳಬೇಕು. ಗುರುತಿನ ಚೀಟಿ, ಬೋರ್ಡಿಂಗ್ ಪಾಸ್ ತೋರಿಸಿ ಹೋಗುವ ಸಾಲು ಪಕ್ಕದಲ್ಲೇ ಇದೆ. ಆದರೆ ಗೇಟಿನ ಹತ್ತಿರ ನಿಂತವರು 'ಇಲ್ಲಿ ಬನ್ನಿ, ಇಲ್ಲಿ ನೋಡಿ' ಅಂತ ಅವಸರ ಮಾಡಿ ಮುಖ ಸೇರಿಸಿಬಿಡುತ್ತಾರೆ ಅಂತ 2024ರ ಆರಂಭದಲ್ಲಿ ಸಾಕಷ್ಟು ದೂರು ಬಂದವು. ಓದು ಬಾರದ ಅಜ್ಜನಿಗೆ ಅದು ಐಚ್ಛಿಕ ಅಂತ ಹೇಗೆ ಗೊತ್ತಾಗಬೇಕು? ಅವನಿಗೆ ಸಮವಸ್ತ್ರ ತೊಟ್ಟವರು ಹೇಳಿದ್ದೆಲ್ಲ ಸರ್ಕಾರದ ಆಜ್ಞೆಯೇ. ಇನ್ನೂ ಒಂದು ಮಾತು, ಮುಖ ತೋರಿಸಿ ಒಳಗೆ ಹೋದವನ ಮೈಯನ್ನೂ ಚೀಲವನ್ನೂ ಆಮೇಲೆ ನೋಡೇ ನೋಡುತ್ತಾರೆ. ಸಾಲು ಬೇಗ ಸಾಗುತ್ತದೆ, ಅದು ಅನುಕೂಲ. ಅನುಕೂಲಕ್ಕೆ ಭದ್ರತೆಯ ಹೆಸರು ಕೊಟ್ಟು ಮುಖ ಕೇಳಬಾರದು.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಸರ್ಕಾರ ನಮ್ಮ ಖಾಸಗಿ ಬದುಕಿಗೆ ಕೈ ಹಾಕಬೇಕಾದರೆ ಅದಕ್ಕೆ ಕಾನೂನು ಇರಬೇಕು, ನಿಜವಾದ ಕಾರಣ ಇರಬೇಕು, ಬೇಕಾದದ್ದಕ್ಕಿಂತ ಜಾಸ್ತಿ ತೆಗೆದುಕೊಳ್ಳಬಾರದು ಅನ್ನುವುದು ಆ ತೀರ್ಪಿನ ತಿರುಳು. ಚೀಲ ತೆರೆಸುವುದು ಈ ಮೂರಕ್ಕೂ ಒಪ್ಪುತ್ತದೆ. ಅವಸರದಲ್ಲಿ ಮುಖ ತೆಗೆದುಕೊಳ್ಳುವುದು ಒಪ್ಪುವುದಿಲ್ಲ.

ತಪಾಸಣೆಯಿಂದ ವಿನಾಯಿತಿ ಪಡೆದವರ ಪಟ್ಟಿಯೂ ಒಂದಿದೆ. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯಮಂತ್ರಿಗಳು, ಕೇಂದ್ರದ ಸಂಪುಟ ಸಚಿವರು ಹೀಗೆ. ರಾಷ್ಟ್ರಪತಿ, ಪ್ರಧಾನಿಯದು ಬಿಡಿ. ಆದರೆ ಸಚಿವರಾದವರು ಒಂದು ಸಲ ನಮ್ಮ ಸಾಲಿನಲ್ಲಿ ನಿಂತು, ಬೆಲ್ಟ್ ಬಿಚ್ಚಿ, ಕೈ ಎತ್ತಿ ನಿಲ್ಲಬೇಕು ಅಂತ ನನ್ನ ಆಸೆ. ಪರದೆ ಎಲ್ಲಿ ಬೇಕು, ಕುರ್ಚಿ ಎಲ್ಲಿ ಬೇಕು ಅಂತ ಅವರಿಗೆ ಅವತ್ತೇ ಗೊತ್ತಾಗುತ್ತದೆ.

ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇಷ್ಟು ಮಾಡಿ. ಮಂಡಿ ಆಪರೇಷನ್ ಚೀಟಿ ಕೈಯಲ್ಲಿರಲಿ, ಸಾಲಿಗೆ ನಿಲ್ಲುವ ಮೊದಲೇ ಸಿಬ್ಬಂದಿಗೆ ಮೆಲ್ಲಗೆ ಹೇಳಿ. ಬೇರೆ ಕೋಣೆಯಲ್ಲಿ ನೋಡಿ ಅಂತ ಕೇಳಿ, ಕೇಳುವುದಕ್ಕೆ ಸಂಕೋಚ ಬೇಡ. ಚಟ್ನಿ ಪುಡಿಯನ್ನು ಕೈಚೀಲದಲ್ಲಿ ಇಡದೆ, ಚೆಕ್-ಇನ್ ಮಾಡುವ ದೊಡ್ಡ ಚೀಲದಲ್ಲಿ ಹಾಕಿ ಕಳಿಸಿ.

ರಾಯಚೂರಿನ ಯರಮರಸ್ ಹತ್ತಿರ, ಬಳ್ಳಾರಿಯ ಚಾಗನೂರು ಸಿರಿವಾರದಲ್ಲಿ ನಿಲ್ದಾಣ ಆಗಬೇಕು ಅಂತ ಎಷ್ಟೋ ವರ್ಷದಿಂದ ಮಾತು ನಡೆದಿದೆ. ನಮ್ಮ ಶಾಸಕರು, ಸಂಸದರು ರನ್‌ವೇ ಎಷ್ಟು ಉದ್ದ, ಯಾವ ಊರಿಗೆ ವಿಮಾನ ಅಂತಷ್ಟೇ ಕೇಳುತ್ತಾರೆ. ತಪಾಸಣೆಯ ಆ ಗೂಡಿನೊಳಗೆ ಕನ್ನಡ ಬಲ್ಲ, ಸಾಧ್ಯವಾದರೆ ತೆಲುಗು, ಉರ್ದುವನ್ನೂ ಬಲ್ಲ ಹೆಣ್ಣುಮಕ್ಕಳು ಪ್ರತಿ ಪಾಳಿಯಲ್ಲೂ ಇರಬೇಕು ಅಂತ ಈಗಲೇ ಬರೆದು ಕೇಳಿ. ಕಟ್ಟಡ ಎದ್ದ ಮೇಲೆ ಕೇಳಿದರೆ 'ನಿಯಮದಲ್ಲಿ ಇಲ್ಲ' ಅನ್ನುತ್ತಾರೆ.