ಫೋನಿನಲ್ಲಿ ಮಾತಾಡಿದರೆ ಮನಸ್ಸು ಸರಿಹೋಗುತ್ತಾ, ಮೇಡಂ?

ನಾನು ಆಪ್ತ ಸಮಾಲೋಚಕಿ, ಕೆಲಸದ ಬಹುಪಾಲು ಈಗ ಆನ್‌ಲೈನ್‌ನಲ್ಲೇ ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳುತ್ತಾರೆ, ಬ್ಯಾಂಕಿನಲ್ಲಿ ಕೆವೈಸಿ ಮಾಡಿಸುವಾಗ ಕೌಂಟರಿನ ಹುಡುಗ ಕೇಳುತ್ತಾನೆ, ನಮ್ಮ ಸೋದರತ್ತೆ ಹೋದಾಗಲೆಲ್ಲ ಕೇಳುತ್ತಾರೆ: "ಅಲ್ಲಾ, ಎದುರಿಗೆ ಕೂತು ಹೇಳಿದ್ರೇ ಕೇಳದ ಮನಸ್ಸು, ಫೋನಲ್ಲಿ ಮಾತಾಡಿದ್ರೆ ಸರಿಹೋಗುತ್ತಾ?" ಅತ್ತೆಯದು ಇನ್ನೊಂದು ಬಾಲವಿದೆ: "ಅದಕ್ಕೆ ದುಡ್ಡು ಬೇರೆ ಕೊಡ್ತಾರಾ?"

ಕೊಡ್ತಾರೆ ಅತ್ತೆ. ಕೊಡಲಾಗದವರಿಗೆ ಪುಕ್ಕಟೆ ಸಿಗುವ ದಾರಿಯೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಚಿಕ್ಕ ಉತ್ತರ ಸಾಕೆನ್ನುವವರಿಗೆ: ಹೌದು, ಬಹಳ ಮಂದಿಗೆ ಸರಿಹೋಗುತ್ತದೆ. ಆತಂಕ ಮತ್ತು ಖಿನ್ನತೆಗೆ ತರಬೇತಿ ಪಡೆದವರು ವಿಡಿಯೊ ಕರೆಯಲ್ಲಿ ಕೊಡುವ ಚಿಕಿತ್ಸೆ, ಎದುರು ಕೂರಿಸಿಕೊಂಡು ಕೊಡುವ ಚಿಕಿತ್ಸೆಗೆ ಹೆಚ್ಚುಕಮ್ಮಿ ಸಮನಾಗಿ ಫಲ ಕೊಡುತ್ತದೆ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳುತ್ತಲೇ ಬಂದಿವೆ. ಇದು ಕೊರೋನಾ ಕಾಲದಲ್ಲಿ ಹುಟ್ಟಿದ ಉಪಾಯವೂ ಅಲ್ಲ. ಸಾಯಬೇಕೆನಿಸಿದವರು ಫೋನ್ ಮಾಡಿ ಮಾತಾಡಲಿ ಎಂದು ಚಾಡ್ ವಾರಾ ಎಂಬ ಪಾದ್ರಿ ಲಂಡನ್ನಿನಲ್ಲಿ ಸಹಾಯವಾಣಿ ತೆರೆದದ್ದು 1953ರಲ್ಲಿ. ಅಮೆರಿಕದ ನೆಬ್ರಾಸ್ಕಾದಲ್ಲಿ ಮನೋವೈದ್ಯರು ಎರಡೂ ಕಡೆ ಕಾಣುವ ಟೀವಿ ಇಟ್ಟುಕೊಂಡು ಚಿಕಿತ್ಸೆ ನಡೆಸಿದ್ದು 1959ರಲ್ಲಿ. ನಮ್ಮಲ್ಲಿ 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಅದರ ಬೆನ್ನಿಗೇ ಮನೋವೈದ್ಯರಿಗೆಂದು ಬೇರೆ ಮಾರ್ಗಸೂಚಿ ಬಂತು, ಅದನ್ನು ರೂಪಿಸಿದ್ದರಲ್ಲಿ ನಿಮ್ಹಾನ್ಸ್ ಕೂಡ ಇತ್ತು.

ನನ್ನ ಅನುಭವದಲ್ಲಿ ಇದರ ದೊಡ್ಡ ಲಾಭ ಬಸ್ ಚಾರ್ಜ್ ಉಳಿಯುವುದಲ್ಲ. ಊರಿನ ಕಣ್ಣು ತಪ್ಪುವುದು.

ಕರ್ನಾಟಕದಲ್ಲಿ ಸೌಲಭ್ಯವೇ ಇಲ್ಲ ಎನ್ನುವಂತಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಒಳ್ಳೆಯ ಏರ್ಪಾಡು. ಆದರೆ ಮಂಗಳವಾರದ ಆ ಸಾಲು ಯಾತಕ್ಕೆ ಎಂದು ಊರಿಗೆಲ್ಲ ಗೊತ್ತು. ಚೀಟಿ ಬರೆಯುವವನು ಅಕ್ಕನ ಮೈದುನನ ಕ್ಲಾಸ್‌ಮೇಟು, ನರ್ಸಮ್ಮ ಹಿಂದಿನ ಬೀದಿಯವರು. ಸಂಜೆಯೊಳಗೆ ಸುದ್ದಿ ಮನೆ ಮುಟ್ಟುತ್ತದೆ, ಮಗಳಿಗೆ ನೋಡುತ್ತಿರುವ ಗಂಡಿನ ಕಡೆಯವರನ್ನೂ ಮುಟ್ಟುತ್ತದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಚಿಕಿತ್ಸೆ ಬೇಕಾದವರ ಪೈಕಿ ಅದು ಸಿಗದೆ ಉಳಿದವರ ಪಾಲು ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರವರೆಗೆ ಇತ್ತು. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದಿರುವುದು ಅದಕ್ಕೊಂದು ಕಾರಣ, ಬೀದರಿನವರಿಗೆ ನಿಮ್ಹಾನ್ಸ್ ಸುಮಾರು 700 ಕಿಲೋಮೀಟರ್ ದೂರ ಇರುವುದು ಇನ್ನೊಂದು. ಆಸ್ಪತ್ರೆ ನಾಲ್ಕೇ ಹೆಜ್ಜೆ ದೂರದಲ್ಲಿದ್ದರೂ ಒಳಗೆ ಕಾಲಿಡದವರನ್ನು ನಾನು ಧಾರಾಳವಾಗಿ ಕಂಡಿದ್ದೇನೆ. ಅಂಥವರು ಫೋನ್ ಮಾಡುತ್ತಾರೆ.

ಇನ್ನು, ಗೆಳತಿಯ ಹತ್ತಿರ ಹೇಳಿಕೊಂಡರೆ ಆಗದೇ ಎಂಬ ಮಾತು. ಹೇಳಿಕೊಳ್ಳಲೇಬೇಕು, ಎಷ್ಟೋ ದುಃಖ ಅಲ್ಲೇ ಮುಗಿದುಹೋಗುತ್ತದೆ. ಗೆಳತಿ ಕೇಳುತ್ತಾಳೆ, ಸಮಾಧಾನ ಹೇಳುತ್ತಾಳೆ, ಜತೆಗೆ ಅತ್ತೂಬಿಡುತ್ತಾಳೆ. ನಾವು ಕೇಳುತ್ತೇವೆ, ಸಮಾಧಾನವನ್ನು ಸ್ವಲ್ಪ ತಡೆಹಿಡಿಯುತ್ತೇವೆ. "ಎದೆ ಡವಡವ ಅನ್ನುತ್ತೆ, ಪ್ರಾಣವೇ ಹೋದ ಹಾಗಾಗುತ್ತೆ" ಎಂದರೆ ಎಲ್ಲಿ, ಯಾವಾಗ, ಅದಕ್ಕೆ ಮುಂಚೆ ತಲೆಗೆ ಏನು ಬಂತು, ಆಮೇಲೆ ನೀವೇನು ಮಾಡಿದಿರಿ ಎಂದು ಎಳೆ ಬಿಡಿಸುತ್ತ ಹೋಗುತ್ತೇವೆ. ಹೃದಯದ ತೊಂದರೆ ಇಲ್ಲವೆಂದು ಇಸಿಜಿ ಮಾಡಿಸಿ ನೋಡಿದ್ದೀರಾ ಎಂದೂ ಕೇಳುತ್ತೇವೆ. ನಲವತ್ತೈದು, ಐವತ್ತು ನಿಮಿಷದ ಕೊನೆಗೆ ವಾರದೊಳಗೆ ಮಾಡಿ ನೋಡುವ ಒಂದು ಚಿಕ್ಕ ಕೆಲಸ ಇರುತ್ತದೆ. ಹಾಸಿಗೆ ಬಿಟ್ಟೇಳಲಾಗದವರಿಗೆ ದಿನಾ ಬೆಳಿಗ್ಗೆ ಗೇಟಿನ ತನಕ ಹೋಗಿ ಬರುವುದೇ ಆ ಕೆಲಸವಾಗಿರಬಹುದು. ನಗಬೇಡಿ, ಖಿನ್ನತೆಯಲ್ಲಿ ಆ ಗೇಟು ಬಹಳ ದೂರ.

ಫೋನು ನನ್ನ ಕೋಣೆಯನ್ನೂ ಮೀರಿಸುವ ಜಾಗವೊಂದಿದೆ. ಬಸ್ ಹತ್ತಲು ಹೆದರುವವರನ್ನು ನನ್ನ ಕೋಣೆಯಲ್ಲಿ ಕೂರಿಸಿಕೊಂಡರೆ ಬಸ್ಸಿನ ಬಗ್ಗೆ ಮಾತಾಡಬಹುದು, ಅಷ್ಟೇ. ಅವರ ಕಿವಿಯಲ್ಲಿ ಇಯರ್‌ಫೋನ್ ಇದ್ದರೆ ನಾನೂ ಬಸ್ ಹತ್ತುತ್ತೇನೆ. ಮೊದಲ ದಿನ ಸ್ಟಾಪಿನಲ್ಲಿ ಸುಮ್ಮನೆ ನಿಲ್ಲುವುದು, ಇನ್ನೊಂದು ದಿನ ಹತ್ತಿ ಮುಂದಿನ ಸ್ಟಾಪಿನಲ್ಲಿ ಇಳಿಯುವುದು, ಆಮೇಲೆ ಸರ್ಕಲ್ ತನಕ. ಬೆವರು ಬಂದಾಗ ಇಳಿದುಬಿಡದೆ, ಅದು ಏರಿ ತಾನಾಗಿ ಇಳಿಯುವವರೆಗೆ ಕೂತಿರುವುದು. ಕೈ ತೊಳೆದಷ್ಟೂ ತೃಪ್ತಿಯಾಗದ ಗೀಳು ಇರುವವರದೂ ಹೀಗೇ. ತೊಂದರೆ ಕೊಡುವುದು ಅವರ ಮನೆಯ ನಲ್ಲಿ, ಅವರ ಬಚ್ಚಲು, ಅವರ ಅಡುಗೆಮನೆಯ ಕಟ್ಟೆ. ಮೊಬೈಲನ್ನು ಬೇಸಿನ್ ಪಕ್ಕ ಒರಗಿಸಿಟ್ಟು, ತೊಳೆಯದೆ ನಿಲ್ಲುವ ಆ ಹತ್ತು ನಿಮಿಷ ನಾನು ಅಲ್ಲೇ ಇರುತ್ತೇನೆ. ಆಸ್ಪತ್ರೆಯ ಕೋಣೆಯಲ್ಲಿ ಶಾಂತವಾಗಿದ್ದು ಮನೆಗೆ ಹೋದ ಕೂಡಲೇ ಮತ್ತೆ ನಲ್ಲಿ ತಿರುಗಿಸುವವರಿಗೆ ಇದು ದೊಡ್ಡ ಉಪಕಾರ.

ಊರಿನ ಕಣ್ಣು ತಪ್ಪಿತು, ಸರಿ. ಮನೆಯವರ ಕಿವಿ?

ನಮ್ಮ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಮಾತಾಡುವ ಹಕ್ಕು ಮೀಟಿಂಗ್ ಇರುವ ಗಂಡಸರಿಗೆ ಮಾತ್ರ. ಹೆಂಗಸರು ಬಾಗಿಲು ಹಾಕಿಕೊಂಡರೆ ಐದನೇ ನಿಮಿಷಕ್ಕೆ "ಯಾರದು ಫೋನು?" ಎಂಬ ಕೂಗು. ಹಾಗಾಗಿ ನನ್ನೊಡನೆ ಮಾತಾಡುವವರು ಟೆರೇಸಿನ ನೀರಿನ ಟ್ಯಾಂಕಿನ ಮರೆಯಲ್ಲಿ, ನಿಲ್ಲಿಸಿದ ಕಾರಿನಲ್ಲಿ, ಹಾಸ್ಟೆಲಿನ ಮೆಟ್ಟಿಲ ಮೇಲೆ, ನೆಟ್‌ವರ್ಕಿನ ಒಂದೇ ಕಡ್ಡಿ ಸಿಗುವ ಅಡಿಕೆ ತೋಟದ ಬೇಲಿಯ ಹತ್ತಿರ ಇರುತ್ತಾರೆ. ಯಾರಾದರೂ ಹತ್ತಿರ ಬಂದರೆ ಏನು ಹೇಳಬೇಕೆಂದು ಮೊದಲ ದಿನವೇ ಮಾತಾಡಿಕೊಳ್ಳುತ್ತೇವೆ. "ಹ್ಞೂಂ, ಬ್ಲೌಸಿನ ಅಳತೆ ಆಮೇಲೆ ಹೇಳ್ತೀನಿ" ಎಂದರೆ ನಾನು ಸುಮ್ಮನಾಗಬೇಕು. ಎಷ್ಟೋ ಮನೆಗಳಲ್ಲಿ ನಾನು ಟೈಲರ್, ಒಂದೆರಡು ಕಡೆ ಎಲ್ಐಸಿ ಏಜೆಂಟ್. (ಎಲ್ಲೂ ಒಬ್ಬರದೇ ಕತೆ ಹೇಳುತ್ತಿಲ್ಲ. ಗುರುತು ಸಿಗದಂತೆ ಹಲವರ ವಿವರ ಕಲಸಿದ್ದೇನೆ.)

ಹಣ ಕಳಿಸುವಲ್ಲೂ ಇದೇ ಪೇಚು. ಯುಪಿಐನಲ್ಲಿ ಫೀಸು ಹಾಕಿದರೆ ಬ್ಯಾಂಕಿನ ಮೆಸೇಜ್ ಗಂಡನ ಮೊಬೈಲಿಗೆ ಬರುವ ಮನೆಗಳಿವೆ. ಇಂಥದನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ನಮ್ಮ ಕೆಲಸದ ಭಾಗ. ಕೇಳದ ಸಮಾಲೋಚಕರು ಸಿಕ್ಕರೆ ನೀವೇ ಹೇಳಿ. ವಿಡಿಯೊ ಆಗದಿದ್ದರೆ ಬರೀ ಧ್ವನಿ ಸಾಕು, ಅದೂ ಆಗದಿದ್ದರೆ ಚಾಟ್ ಇದೆ. ಚಾಟ್ ನನಗೆ ಅಷ್ಟು ಇಷ್ಟವಿಲ್ಲ. ಬರೆದು ಅಳಿಸಿ ಮತ್ತೆ ಬರೆದ ವಾಕ್ಯ ಚೆಂದವಾಗಿರುತ್ತದೆ, ಅಳಿಸಿದ್ದರಲ್ಲೇ ನಿಜವಾದ ವಿಷಯ ಹೋಗಿರುತ್ತದೆ.

ನಮಗೆ ಕಳೆದುಹೋಗುವುದೂ ಬಹಳ. ಮೇಜಿನ ಕೆಳಗೆ ಅಲುಗಾಡುವ ಕಾಲು ಕಾಣುವುದಿಲ್ಲ, ಬೆಳಿಗ್ಗೆಯೇ ಕುಡಿದು ಬಂದವರ ವಾಸನೆ ಬರುವುದಿಲ್ಲ, ಸ್ನಾನ ಮಾಡಿ ಎಷ್ಟು ದಿನವಾಯಿತೋ ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ನನಗೆ ಕಷ್ಟವಾಗುವುದು ಮೌನ. ಕೋಣೆಯಲ್ಲಿ ಒಬ್ಬರು ಅಳುವ ಮೊದಲು ಸುಮ್ಮನಾದರೆ ನಾನೂ ಸುಮ್ಮನಿರುತ್ತೇನೆ. ಫೋನಿನಲ್ಲಿ ಆ ಗಳಿಗೆಗೇ ಯಾರಾದರೊಬ್ಬರು "ಹಲೋ, ಕೇಳಿಸ್ತಿದೆಯಾ?" ಅನ್ನುತ್ತೇವೆ, ಬಂದ ಅಳು ವಾಪಸ್ ಹೋಗುತ್ತದೆ. ಅದಕ್ಕೇ ಈಗ ಶುರುವಿನಲ್ಲೇ ಹೇಳಿಬಿಡುತ್ತೇನೆ: ನಾನು ಮಾತಾಡದಿದ್ದರೂ ಲೈನಿನಲ್ಲಿ ಇದ್ದೇನೆಂದು ತಿಳಿಯಿರಿ, ಕರೆ ಕಟ್ಟಾದರೆ ನಾನೇ ವಾಪಸ್ ಮಾಡುತ್ತೇನೆ.

ಆಗುವುದಿಲ್ಲ ಎನ್ನಬೇಕಾದ ಸಂದರ್ಭಗಳೂ ಇವೆ. ಯಾರೂ ಇಲ್ಲದಿದ್ದರೂ ದನಿ ಕೇಳಿಸುತ್ತಿದೆ, ಯಾರೋ ಕೊಲ್ಲಲು ಬರುತ್ತಿದ್ದಾರೆ ಎನ್ನುವವರನ್ನು ಮನೆಯವರು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ವರ್ಷಗಟ್ಟಲೆ ವಿಪರೀತ ಕುಡಿದವರು ಇದ್ದಕ್ಕಿದ್ದಂತೆ ಬಿಟ್ಟು ಕೈ ನಡುಗಿ, ಕಣ್ಣಿಗೆ ಏನೇನೋ ಕಾಣತೊಡಗಿದರೆ ಅದು ಆಸ್ಪತ್ರೆಗೆ ಓಡಬೇಕಾದ ತುರ್ತು, ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಚಿಕ್ಕ ಮಕ್ಕಳು ಆಡುತ್ತ ಹೇಳುವವರು, ಅವರನ್ನು ಪರದೆಯ ಮುಂದೆ ಕೂರಿಸಿ ಉಪಯೋಗ ಕಡಿಮೆ. ಮನೆಯಲ್ಲಿ ಹೊಡೆಯುವವನೇ ಮೊಬೈಲನ್ನೂ ತಪಾಸಣೆ ಮಾಡುತ್ತಿದ್ದರೆ ಆನ್‌ಲೈನ್ ಕೌನ್ಸೆಲಿಂಗ್ ಅಪಾಯವನ್ನು ಹೆಚ್ಚಿಸಲೂಬಹುದು. ಅಲ್ಲಿ ಮೊದಲು ಬೇಕಾದ್ದು ಮಹಿಳಾ ಸಹಾಯವಾಣಿ 181, ತಕ್ಷಣದ ಅಪಾಯವಿದ್ದರೆ 112. ಸಾಯುವ ಯೋಚನೆ ಬರುತ್ತಿದ್ದರೆ ಮಾತಾಡಲೇಬೇಕು, ಆದರೆ ಪಕ್ಕದಲ್ಲೊಬ್ಬರು ಇರಬೇಕು. ಮೊದಲ ಕರೆಯಲ್ಲೇ "ನೀವೀಗ ಎಲ್ಲಿದ್ದೀರಿ, ವಿಳಾಸ ಏನು, ತುರ್ತಾದರೆ ಯಾರಿಗೆ ಫೋನ್ ಮಾಡಲಿ" ಎಂದು ನಾವು ಕೇಳುವುದು ಇದಕ್ಕೇ. ಅನುಮಾನ ಪಡಬೇಡಿ. ರಾತ್ರಿ ಎರಡು ಗಂಟೆಗೆ ಚಾಟ್‌ಬಾಟ್ ಜತೆ ಮನಸ್ಸು ಬಿಚ್ಚುವವರು ಈಗ ಹೆಚ್ಚಾಗಿದ್ದಾರೆ. ಬರೆದು ಹಗುರವಾದರೆ ಸಂತೋಷ, ಆದರೆ ನಿಮ್ಮ ಮನೆಯ ಬಾಗಿಲು ತಟ್ಟಿಸುವ ಹೊಣೆ ಅದಕ್ಕಿಲ್ಲ.

ಯಾರ ಹತ್ತಿರ ಹೋಗಬೇಕು? ಔಷಧಿ ಬರೆಯುವವರು ಮನೋವೈದ್ಯರು, ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಇರಬೇಕು, ಕೇಳಿ. ನನ್ನಂಥ ಸಮಾಲೋಚಕರ ವಿಷಯ ಸ್ವಲ್ಪ ಸಡಿಲ: ಮನಃಶಾಸ್ತ್ರದಲ್ಲಿ ಎಂಎ, ಎಂಎಸ್ಸಿ ಅಥವಾ ಎಂಎಸ್‌ಡಬ್ಲ್ಯು ಮಾಡಿ ವರ್ಷಗಟ್ಟಲೆ ತರಬೇತಾದವರೂ ಈ ಬೋರ್ಡು ಹಾಕುತ್ತಾರೆ, ವಾರಾಂತ್ಯದ ಸರ್ಟಿಫಿಕೇಟ್ ಪಡೆದವರೂ ಹಾಕುತ್ತಾರೆ. ಏನು ಓದಿದ್ದೀರಿ, ಎಲ್ಲಿ ತರಬೇತಿ, ಹಿರಿಯರ ಮಾರ್ಗದರ್ಶನದಲ್ಲಿ ಕೆಲಸ ಮಾಡುತ್ತೀರಾ ಎಂದು ಕೇಳಿದರೆ ಸಿಡುಕುವವರನ್ನು ಬಿಟ್ಟುಬಿಡಿ. "ಮೂರೇ ಸಿಟ್ಟಿಂಗಿನಲ್ಲಿ ಗ್ಯಾರಂಟಿ" ಎನ್ನುವವರನ್ನಂತೂ ಖಂಡಿತ.

ಗುಟ್ಟಿನ ಬಗ್ಗೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂಬುದು ನಿಮ್ಮ ಹಕ್ಕು, ಜೀವಕ್ಕೆ ಅಪಾಯವಿರುವಂಥ ಕೆಲವೇ ಸಂದರ್ಭ ಅದಕ್ಕೆ ಹೊರತು. ಆ್ಯಪ್‌ಗಳ ಸಂಗತಿ ಬೇರೆ. ಬೆಟರ್‌ಹೆಲ್ಪ್ ಎಂಬ ದೊಡ್ಡ ಕೌನ್ಸೆಲಿಂಗ್ ಕಂಪನಿ ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದವಕ್ಕೆ ಕೊಟ್ಟಿತ್ತೆಂಬ ಆರೋಪದಲ್ಲಿ, 2023ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದರಿಂದ 78 ಲಕ್ಷ ಡಾಲರ್ ಕಕ್ಕಿಸಿತು. ಫಿನ್‌ಲ್ಯಾಂಡಿನ ವಾಸ್ತಾಮೊ ಚಿಕಿತ್ಸಾ ಕೇಂದ್ರದ ದಾಖಲೆ ಕದ್ದವರು 2020ರಲ್ಲಿ ರೋಗಿಗಳಿಗೇ ಇಮೇಲ್ ಕಳಿಸಿ, ಹಣ ಕೊಡದಿದ್ದರೆ ಎಲ್ಲ ಬಯಲು ಮಾಡುತ್ತೇವೆಂದು ಬೆದರಿಸಿದರು. ಕರೆ ರೆಕಾರ್ಡ್ ಆಗುತ್ತದೆಯೇ, ಟಿಪ್ಪಣಿ ಎಲ್ಲಿ ಇಡುತ್ತೀರಿ ಎಂದು ಕೇಳುವುದು ಅತಿಯಲ್ಲ.

ಹೊರದೇಶದ ಕನ್ನಡಿಗರೂ ಕೇಳುತ್ತಾರೆ, ಹೆಚ್ಚಾಗಿ ಮಗಳ ಬಾಣಂತನಕ್ಕೆ ಹೋಗಿ ನಾಲ್ಕು ಗೋಡೆಯ ನಡುವೆ ಸಿಕ್ಕಿಕೊಂಡ ತಾಯಂದಿರ ಪರವಾಗಿ. ಕನ್ನಡದಲ್ಲಿ ಮಾತಾಡುವವರು ಸಿಕ್ಕರೇ ಅವರಿಗೆ ಅರ್ಧ ಸಮಾಧಾನ. ಆದರೆ ಅಮೆರಿಕದಲ್ಲಿ ಚಿಕಿತ್ಸೆಯ ಪರವಾನಗಿ ಆಯಾ ರಾಜ್ಯದ್ದು, ಚಿಕಿತ್ಸೆ ಪಡೆಯುವವರು ಕೂತಿರುವ ಜಾಗದ ಕಾನೂನು ಅನ್ವಯಿಸುತ್ತದೆ. ಅದನ್ನು ವಿಚಾರಿಸದೆ ಹೂಂ ಅನ್ನಲು ನಮಗೆ ಆಗುವುದಿಲ್ಲ.

ಪುಕ್ಕಟೆಯ ದಾರಿ ಎಂದೆನಲ್ಲ, ಅದು ಟೆಲಿ ಮಾನಸ್, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾಯಿತು, ದೇಶಕ್ಕೆಲ್ಲ ಅದರ ಕೇಂದ್ರಸ್ಥಾನ ನಿಮ್ಹಾನ್ಸ್. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಮೊದಲು ಸಮಾಲೋಚಕರು ಸಿಗುತ್ತಾರೆ, ಅಗತ್ಯವಿದ್ದರೆ ಮನೋವೈದ್ಯರಿಗೆ ದಾಟಿಸುತ್ತಾರೆ, ಹತ್ತಿರದ ಆಸ್ಪತ್ರೆಯನ್ನೂ ತಿಳಿಸುತ್ತಾರೆ. ಖಾಸಗಿಯಲ್ಲಿ ಒಂದು ಸಲಕ್ಕೆ ಸಾವಿರ, ಸಾವಿರದೈನೂರು ರೂಪಾಯಿ ತೆರಲಾಗದವರು ಇಲ್ಲಿಂದಲೇ ಶುರು ಮಾಡಬಹುದು. ತೆರಬಲ್ಲವರೂ ಮಾಡಬಹುದು.

ಉಳಿದದ್ದು, ಎಷ್ಟು ಸಲ ಮಾತಾಡಬೇಕು ಎಂಬುದು. ಮೊದಲ ಸಲ ಬಹುತೇಕರಿಗೆ ಮುಜುಗರ, ಎರಡನೆಯ ಸಲ ಸ್ವಲ್ಪ ಹಗುರ, ಮೂರನೆಯದಕ್ಕೆ ಬರದೆ ತಪ್ಪಿಸಿಕೊಳ್ಳುವ ಮನಸ್ಸು. ಆ ಮೂರನೆಯದನ್ನು ತಪ್ಪಿಸಬೇಡಿ. ನಾಲ್ಕೈದು ಸಲದ ನಂತರವೂ ಈ ಸಮಾಲೋಚಕರಿಗೆ ನನ್ನ ಮಾತು ತಲುಪುತ್ತಿಲ್ಲ ಅನ್ನಿಸಿದರೆ ಹಾಗೆಂದು ಅವರಿಗೇ ಹೇಳಿ, ಬೇಕಾದರೆ ಬದಲಾಯಿಸಿ. ಅವರಿಗೆ ಬೇಜಾರಾಗಬಹುದು, ಆಗಲಿ. ಅದು ಅವರು ನೋಡಿಕೊಳ್ಳಬೇಕಾದ ವಿಷಯ, ನಿಮ್ಮದಲ್ಲ.