ಬಯೋಸ್ ಚಿಪ್: ಬರೆಯುವ ಮೊದಲು ಓದಿಟ್ಟುಕೊಳ್ಳಿ

ಮೇ ತಿಂಗಳ ಸಿಡಿಲಿನ ಸಂಜೆ, ಮಳೆ ಹಿಡಿದ ಜುಲೈ: ಮಂಗಳೂರು, ಉಡುಪಿ ಕಡೆ ಈ ಹೊತ್ತಿನಲ್ಲಿ ಯುಪಿಎಸ್ ಇಲ್ಲದೆ ಬಯೋಸ್ ಅಪ್‌ಡೇಟ್‌ಗೆ ಕೈ ಹಾಕಲೇಬಾರದು. ಬಯೋಸ್ ಎಂದರೆ ಕಂಪ್ಯೂಟರನ್ನು ಎಬ್ಬಿಸುವ ಮೊದಲ ಪ್ರೋಗ್ರಾಂ, ಅದು ಮದರ್‌ಬೋರ್ಡ್‌ನ ಒಂದು ಚಿಪ್‌ನಲ್ಲಿರುತ್ತದೆ. ಅಪ್‌ಡೇಟ್ ಮಾಡುವಾಗ ಚಿಪ್‌ನಲ್ಲಿದ್ದ ಹಳೆಯದನ್ನು ಮೊದಲು ಅಳಿಸಿ, ಆ ಜಾಗದಲ್ಲಿ ಹೊಸದನ್ನು ಬರೆಯಲಾಗುತ್ತದೆ. ಅಳಿಸಿ ಬರೆಯುವುದರೊಳಗೆ ಕರೆಂಟ್ ಹೋದರೆ ಅಲ್ಲಿ ಉಳಿಯುವುದು ಬರೀ ಎಫ್‌ಎಫ್, ಅಂದರೆ ಖಾಲಿ ಜಾಗ. ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ. ಕೆಲವು ಬೋರ್ಡ್ ಆನ್ ಆಗಿ ಆಫ್ ಆಗುತ್ತಲೇ ಇರುತ್ತದೆ. ಹಾಗೆಂದು ಅಪ್‌ಡೇಟ್ ಮುಗಿದ ಕೂಡಲೇ ಕಪ್ಪು ಪರದೆ ಕಂಡರೆ ಗಾಬರಿ ಬೇಡ. ಡಿಡಿಆರ್5 ಎಂಬ ಮೆಮೊರಿ ಇರುವ ಬೋರ್ಡ್‌ಗಳು ಮೊದಲ ಬೂಟ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ. ಕಾಲು ಗಂಟೆ ಕಾಯಿರಿ.

ಆಮೇಲೂ ಏಳದಿದ್ದರೆ ಸುಲಭದ ದಾರಿ ಇದೆಯೇ ನೋಡಿ. ಬೋರ್ಡ್ ಹಿಂಬದಿಯಲ್ಲಿ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಕಂಪನಿಯ ಬಯೋಸ್ ಫೈಲ್ ಹಾಕಿ, ಕಂಪನಿ ಹೇಳಿದ ಹೆಸರನ್ನೇ ಅದಕ್ಕೆ ಕೊಟ್ಟು, ಗುರುತು ಮಾಡಿದ ಯುಎಸ್‌ಬಿ ಪೋರ್ಟ್‌ಗೇ ಚುಚ್ಚಿ, ಆ ಬಟನ್ ಒತ್ತಿ. ಎಂಎಸ್‌ಐನವರದು ಎಂಎಸ್‌ಐ ಡಾಟ್ ರಾಮ್, ಗಿಗಾಬೈಟ್‌ನವರದು ಗಿಗಾಬೈಟ್ ಡಾಟ್ ಬಿನ್. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಕೆಲಸ ಆಗುವುದಿಲ್ಲ. ಎಚ್‌ಪಿ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಬಿ ಕೀ ಒತ್ತಿ ಹಿಡಿದು ಪವರ್ ಒತ್ತುವುದೂ ಇಂಥದೇ ದಾರಿ.

ಇದ್ಯಾವುದೂ ಇಲ್ಲವೆಂದರೆ ಚಿಪ್‌ಗೆ ನೇರವಾಗಿ ಬರೆಯುವ ಪ್ರೋಗ್ರಾಮರ್ ಎಂಬ ಸಾಧನ ಬೇಕು. ಸಿಎಚ್341ಎ ಎಂಬ ಅಗ್ಗದ ಯುಎಸ್‌ಬಿ ಪ್ರೋಗ್ರಾಮರ್ ಮತ್ತು ಎಂಟು ಕಾಲಿನ ಚಿಪ್‌ಗೆ ಕಚ್ಚುವ ಕ್ಲಿಪ್ ಸಾಕಾಗುತ್ತದೆ. ಆದರೆ ಅದರ ಕಪ್ಪು ಬೋರ್ಡ್‌ನಲ್ಲಿ ಒಂದು ದೋಷವಿದೆ: ಚಿಪ್‌ಗೆ 3.3 ವೋಲ್ಟ್ ಕೊಟ್ಟರೂ ಡೇಟಾ ಗೆರೆಗಳಲ್ಲಿ 5 ವೋಲ್ಟ್ ಹರಿಯುತ್ತದೆ. ವೋಲ್ಟೇಜ್ ಬದಲಿಸುವ ಸ್ವಿಚ್ ಇರುವುದನ್ನು ಕೊಳ್ಳುವುದು ಮೇಲು, ಕಪ್ಪುದೇ ಆದರೆ ಮೀಟರ್ ಹಿಡಿದು ನೋಡಿ.

ಚಿಪ್ ಮೇಲಿನ ಬರಹವನ್ನು ಭೂತಗನ್ನಡಿಯಲ್ಲಿ ಓದಿ. 25ಕ್ಯೂ64 ಎಂದರೆ 8 ಎಂಬಿ, 25ಕ್ಯೂ128 ಎಂದರೆ 16 ಎಂಬಿ. ವಿನ್‌ಬಾಂಡ್‌ನಲ್ಲಿ ಕೊನೆಗೆ ಎಫ್‌ಡಬ್ಲ್ಯೂ ಅಥವಾ ಜೆಡಬ್ಲ್ಯೂ ಇದ್ದರೆ, ಮ್ಯಾಕ್ರಾನಿಕ್ಸ್‌ನಲ್ಲಿ 25ಯು ಎಂದಿದ್ದರೆ, ಅದು 1.8 ವೋಲ್ಟ್ ಚಿಪ್. ಅದಕ್ಕೆ 1.8 ವೋಲ್ಟಿನ ಅಡಾಪ್ಟರ್ ಹಾಕಲೇಬೇಕು, ಇಲ್ಲವಾದರೆ ಚಿಪ್ ಸುಡಬಹುದು.

ಪವರ್ ಕೇಬಲ್, ಬೋರ್ಡ್ ಮೇಲಿನ ನಾಣ್ಯದಂಥ ಸಿಮೋಸ್ ಸೆಲ್, ಲ್ಯಾಪ್‌ಟಾಪ್ ಆದರೆ ಬ್ಯಾಟರಿ, ಎಲ್ಲವನ್ನೂ ತೆಗೆಯಿರಿ. ಕ್ಲಿಪ್‌ನ ಕೆಂಪು ತಂತಿ ಚಿಪ್‌ನ ಚುಕ್ಕಿ ಇರುವ ಒಂದನೇ ಕಾಲಿಗೆ ಬರಬೇಕು. ಪ್ರೋಗ್ರಾಮರ್‌ನಲ್ಲಿ 25 ಎಂದು ಬರೆದ ಕಡೆಗೇ ಸೇರಿಸಿ, 24ರ ಕಡೆಗಲ್ಲ. ಕ್ಲಿಪ್ ಕಚ್ಚಿಸಿದ ಮೇಲೆ ಮಾತ್ರ ಯುಎಸ್‌ಬಿ ಚುಚ್ಚಿ. ಪ್ರೋಗ್ರಾಮರ್‌ನ ಸಾಫ್ಟ್‌ವೇರ್‌ನಲ್ಲಿ ಚಿಪ್‌ನ ಗುರುತು ಸಂಖ್ಯೆ, ಅಂದರೆ ಐಡಿ, ಓದಿಸಿದಾಗ ವಿನ್‌ಬಾಂಡ್‌ನ 3.3 ವೋಲ್ಟಿನ 25ಕ್ಯೂ128ಕ್ಕೆ ಸಾಮಾನ್ಯವಾಗಿ ಇಎಫ್ 40 18 ಬರುತ್ತದೆ. ಬರೀ ಎಫ್‌ಎಫ್ ಅಥವಾ ಬರೀ ಸೊನ್ನೆ ಬಂದರೆ ಕ್ಲಿಪ್ ಸರಿಯಾಗಿ ಕೂತಿಲ್ಲ. ನಮ್ಮ ಕಡಲ ಬದಿಯ ಉಪ್ಪು ಗಾಳಿಗೆ, ಮಳೆಗಾಲದ ತೇವಕ್ಕೆ, ಚಿಪ್‌ನ ಕಾಲುಗಳ ಮೇಲೆ ಮಬ್ಬು ಪೊರೆ ಕಟ್ಟಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಚೆನ್ನಾಗಿ ಒಣಗಿಸಿ, ಮತ್ತೆ ಕಚ್ಚಿಸಿ. ಆಗಲೂ ಐಡಿ ಬಾರದಿದ್ದರೆ ಪ್ರೋಗ್ರಾಮರ್ ಕೊಡುವ ಕರೆಂಟನ್ನು ಬೋರ್ಡ್‌ನ ಉಳಿದ ಭಾಗಗಳು ಎಳೆದುಕೊಳ್ಳುತ್ತಿರಬಹುದು. ಆಗ ಚಿಪ್ ಬಿಚ್ಚದೆ ಗತಿಯಿಲ್ಲ. ಹಾಟ್ ಏರ್ ಕೈ ಪಳಗದಿದ್ದರೆ ಮೊಬೈಲ್ ರಿಪೇರಿಯವರಿಂದ ಬಿಚ್ಚಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನು ಮುಂದಿದೆ. ಅರ್ಧ ಹಾಳಾಗಿದೆ ಎಂದು ಹಳೆಯ ಚಿಪ್ ಅನ್ನು ಓದಿಟ್ಟುಕೊಳ್ಳದೆ ಅಳಿಸಬೇಡಿ. ಸೀರಿಯಲ್ ನಂಬರ್, ಯಂತ್ರದ ಗುರುತಾದ ಯುಯುಐಡಿ, ಎಷ್ಟೋ ಬೋರ್ಡ್‌ಗಳಲ್ಲಿ ಲ್ಯಾನ್‌ನ ಗುರುತಾದ ಮ್ಯಾಕ್ ವಿಳಾಸ, ಲ್ಯಾಪ್‌ಟಾಪ್ ಜೊತೆಗೆ ಬಂದ ವಿಂಡೋಸ್ ಕೀ ಎಲ್ಲ ಅದರಲ್ಲೇ ಇರುತ್ತವೆ. ಇಂಟೆಲ್ ಬೋರ್ಡ್ ಆದರೆ ಎಂಇ (ಮ್ಯಾನೇಜ್‌ಮೆಂಟ್ ಎಂಜಿನ್) ಎಂಬ ಇಂಟೆಲ್‌ನದೇ ಪ್ರೋಗ್ರಾಂ ಭಾಗವೂ ಅಲ್ಲೇ. ಎರಡು ಸಲ ಓದಿ ಎರಡು ಫೈಲ್ ಮಾಡಿ, ಎರಡರ ಹ್ಯಾಶ್, ಅಂದರೆ ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ, ತಾಳೆ ನೋಡಿ. ಒಂದೇ ಬಂದರೆ ಡಂಪ್, ಅಂದರೆ ಓದಿಟ್ಟ ನಕಲು, ನಂಬಬಹುದು. ಬೇರೆ ಬೇರೆ ಬಂದರೆ ಕ್ಲಿಪ್ ಅಲುಗಾಡುತ್ತಿದೆ ಎಂದರ್ಥ, ಬರೆಯಲು ಹೊರಡಬೇಡಿ.

ಕಂಪನಿಯ ಫೈಲ್‌ನ ಗಾತ್ರ ಚಿಪ್‌ನ ಗಾತ್ರಕ್ಕೆ ಸರಿಯಾಗಿ ಹೊಂದಬೇಕು: 16 ಎಂಬಿ ಎಂದರೆ 1,67,77,216 ಬೈಟ್. ಏಸಸ್‌ನ ಕ್ಯಾಪ್ ಫೈಲ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ 2,048 ಬೈಟ್‌ನ ತಲೆಭಾಗ ಇರುತ್ತದೆ, ಅದನ್ನು ಕತ್ತರಿಸಬೇಕು. ಲ್ಯಾಪ್‌ಟಾಪ್ ಅಪ್‌ಡೇಟ್‌ನಲ್ಲಿ ಹೆಚ್ಚಾಗಿ ಬಯೋಸ್ ಭಾಗ ಮಾತ್ರ ಸಿಗುತ್ತದೆ. ಬಯೋಸ್ ಫೈಲ್ ಬಿಚ್ಚಿ ನೋಡುವ ಯುಇಎಫ್‌ಐ ಟೂಲ್‌ ಎಂಬ ಸಾಫ್ಟ್‌ವೇರ್‌ನಲ್ಲಿ ನಿಮ್ಮ ಡಂಪ್ ತೆರೆದು ಆ ಭಾಗವನ್ನಷ್ಟೇ ಬದಲಿಸಿ. ಹಾಳಾದ ಭಾಗದಲ್ಲೇ ಸೀರಿಯಲ್ ಇದ್ದರೆ ಹಳೆಯ ಡಂಪ್ ನೋಡಿ ಅದನ್ನು ಹೊಸದಕ್ಕೆ ದಾಟಿಸಬೇಕು. ಬೇರೆ ಯಾರದೋ ಡಂಪ್ ಹಾಗೇ ಬರೆದರೆ ಬೋರ್ಡ್ ಎದ್ದೀತು, ಆದರೆ ಅವರ ಸೀರಿಯಲ್, ಅವರ ಮ್ಯಾಕ್ ನಿಮ್ಮ ಯಂತ್ರಕ್ಕೆ ಬಂದು ಕೂರುತ್ತವೆ.

ಬರೆಯುವಾಗ ಮೊದಲು ಇರೇಸ್ (ಅಳಿಸುವುದು), ಮತ್ತೆ ಬ್ಲ್ಯಾಂಕ್ ಚೆಕ್ (ಖಾಲಿ ಆಯಿತೇ ನೋಡುವುದು), ರೈಟ್ (ಬರೆಯುವುದು), ಕೊನೆಗೆ ವೆರಿಫೈ (ತಾಳೆ ನೋಡುವುದು). ವೆರಿಫೈ ತಪ್ಪಿದರೆ ಬೋರ್ಡ್‌ಗೆ ಪವರ್ ಕೊಡದೆ ಇರೇಸ್‌ನಿಂದಲೇ ಮತ್ತೆ ಶುರು ಮಾಡಿ. ಬೋರ್ಡ್ ಎದ್ದ ಮೇಲೆ ಬಯೋಸ್‌ನಲ್ಲಿ ಡಿಫಾಲ್ಟ್ ಲೋಡ್ ಮಾಡಿ, ದಿನಾಂಕ ಸರಿಪಡಿಸಿ. ಡಿಸ್ಕ್‌ಗೆ ವಿಂಡೋಸ್‌ನ ಬಿಟ್‌ಲಾಕರ್ ಬೀಗ ಹಾಕಿದ್ದರೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳೀತು, ಅದನ್ನು ಮೊದಲೇ ಬರೆದಿಟ್ಟುಕೊಂಡಿರಿ.