ಬೇಜಾರು ಅಂದ್ರೆ ಯಾವ ಬೇಜಾರು?

ಬೆಂಗಳೂರಲ್ಲಿ ಕೌನ್ಸೆಲಿಂಗ್ ಸೈಕಾಲಜಿ ಎಂಎಸ್ಸಿ ಕೊನೇ ವರ್ಷದಲ್ಲಿದೀನಿ, ಸೂಪರ್‌ವೈಸರ್ ಮೇಡಂ ಕೈಕೆಳಗೆ ದೊಡ್ಡೋರನ್ನ ಮತ್ತು ಗಂಡ ಹೆಂಡ್ತಿ ಜೋಡಿಗಳನ್ನ ನೋಡ್ತಾ ಇದೀನಿ. ಒಳಗೆ ಕೂತು ಏನ್ ಮಾಡ್ತೀಯ ಅಂತ ಮನೇಲಿ, ಫ್ರೆಂಡ್ಸು ಎಲ್ಲಾ ಕೇಳ್ತಾರೆ, ಅದಕ್ಕೇ ಇದು. ಕ್ಲೈಂಟ್ ಕಥೆ ಇಲ್ಲಿ ಯಾವುದೂ ಇಲ್ಲ, ಕೆಳಗಿರೋ ಉದಾಹರಣೆಗಳೆಲ್ಲ ನಾವು ಕ್ಲಾಸಲ್ಲಿ ರೋಲ್‌ಪ್ಲೇ ಮಾಡಿದ್ದು, ಅಂದ್ರೆ ಕ್ಲೈಂಟ್ ತರ ನಾವೇ ನಟಿಸಿ ಅಭ್ಯಾಸ ಮಾಡಿದ್ದು.

ನಮ್ಮಲ್ಲಿ ಯಾರನ್ನ ಕೇಳಿದ್ರೂ ಮೊದಲು ಬರೋ ಮಾತು "ಏನಿಲ್ಲ, ಸ್ವಲ್ಪ ಬೇಜಾರು ಅಷ್ಟೆ". ಭಾನುವಾರ ಮಧ್ಯಾಹ್ನ ಟೈಮ್ ಪಾಸ್ ಆಗ್ಲಿಲ್ಲ ಅಂದ್ರೂ ಬೇಜಾರು, ಅಪ್ಪ ತೀರ್ಕೊಂಡ್ರೂ ಬೇಜಾರು, ನೆಂಟರ ಮುಂದೆ ಗಂಡ ಬೈದ್ರೂ ಬೇಜಾರು. ಒಂದೇ ಪದದೊಳಗೆ ದುಃಖ, ಸಿಟ್ಟು, ಅವಮಾನ, ಒಂಟಿತನ ಎಲ್ಲಾ ಸೇರ್ಕೊಂಡಿರುತ್ತೆ. ಹಾಗಾಗಿ ನಾನು ಮಾಡೋ ಕೆಲಸದಲ್ಲಿ ಅರ್ಧ ಇಷ್ಟೇ, ಯಾವ ತರ ಬೇಜಾರು, ಅದು ಬಂದಾಗ ಮೈಯಲ್ಲಿ ಎಲ್ಲಿ ಗೊತ್ತಾಗುತ್ತೆ, ಎದೆ ಭಾರ ಆಗುತ್ತಾ, ಗಂಟಲು ಕಟ್ಟುತ್ತಾ, ಹೊಟ್ಟೇಲಿ ಸಂಕಟಾನಾ ಅಂತ ನಿಧಾನಕ್ಕೆ ಕೇಳ್ತಾ ಹೋಗೋದು. ಉತ್ತರ ಬರೋಕೆ ಟೈಮ್ ಬೇಕು, ಆ ಮೌನದಲ್ಲಿ ನಾನು ಬಾಯಿ ಹಾಕಬಾರದು.

ಅಮೆರಿಕದ ಸೈಕಾಲಜಿಸ್ಟ್ ಕಾರ್ಲ್ ರೋಜರ್ಸ್ 1957ರಲ್ಲೇ ಬರೆದಿದ್ರು, ಎದುರಿಗಿರೋರನ್ನ ಷರತ್ತಿಲ್ಲದೆ ಒಪ್ಕೊಳೋದು, ಅವರ ಒಳಗಿಂದ ನೋಡಿ ಅರ್ಥ ಮಾಡ್ಕೊಳೋದು, ನಾಟಕ ಆಡದೆ ನಿಜವಾಗಿ ಇರೋದು, ಬದಲಾವಣೆಗೆ ಇವೆಲ್ಲ ಬೇಕು ಅಂತ. ಓದೋಕೆ ಸುಲಭ. ಆದ್ರೆ "ನೀವೇ ಹೇಳಿ ಮೇಡಂ, ಬಿಟ್ ಬಿಡ್ಲಾ ಇರ್ಲಾ" ಅಂತ ಕಣ್ಣೀರಿಟ್ಟು ಕೇಳಿದಾಗ ಸಲಹೆ ನಾಲಿಗೆ ತುದಿಗೆ ಬಂದ್ಬಿಡುತ್ತೆ. ಹೊಂದ್ಕೊಂಡು ಹೋಗು ಅನ್ನೋ ಸಲಹೆ ಅವರಿಗೆ ಆಗ್ಲೇ ಹತ್ತು ಜನ ಕೊಟ್ಟಿರ್ತಾರೆ, ಹನ್ನೊಂದನೇದು ನಂದು ಬೇಡ ಅನ್ಸುತ್ತೆ ನನಗೆ.

ಜೋಡಿ ಬಂದಾಗ ಕೆಲಸವೇ ಬೇರೆ. ಇಬ್ರೂ ನನ್ನನ್ನ ಜಡ್ಜ್ ಮಾಡ್ಕೊಳೋಕೆ ನೋಡ್ತಾರೆ. ನಾನು ಕಲೀತಾ ಇರೋದು ಸೂ ಜಾನ್ಸನ್, ಲೆಸ್ ಗ್ರೀನ್‌ಬರ್ಗ್ ಅನ್ನೋ ಸೈಕಾಲಜಿಸ್ಟ್‌ಗಳು 1980ರ ದಶಕದಲ್ಲಿ ಕಟ್ಟಿದ ಇಎಫ್‌ಟಿ (ಎಮೋಷನಲಿ ಫೋಕಸ್ಡ್ ಥೆರಪಿ, ಭಾವನೆಗಳ ಮೇಲೆ ಕೆಲಸ ಮಾಡೋ ಥೆರಪಿ) ದಾರಿ, ಅದರಲ್ಲಿ ಯಾರದು ತಪ್ಪು ಅಂತ ಹುಡುಕಲ್ಲ, ಜಗಳ ಯಾವ ದಾರೀಲಿ ಸುತ್ತುತ್ತೆ ಅಂತ ನೋಡ್ತೀವಿ. ಹಬ್ಬಕ್ಕೆ ಯಾರ ಅಮ್ಮನ ಮನೆಗೆ ಹೋಗೋದು ಅಂತ ಶುರುವಾಗುತ್ತೆ, ಅವಳು ಕೇಳ್ತಾಳೆ, ಅವನು ಸುಮ್ನಾಗ್ತಾನೆ, ಸುಮ್ನಾದ ಅಂತ ಅವಳು ಇನ್ನೂ ಜೋರಾಗಿ ಕೇಳ್ತಾಳೆ, ಜೋರಾದ್ಳು ಅಂತ ಅವನು ಫೋನ್ ಹಿಡ್ಕೊಂಡು ಬಾಲ್ಕನಿಗೆ ಎದ್ದು ಹೋಗ್ತಾನೆ. ಅವಳ ಬೇಜಾರು "ನಾನು ಇವನಿಗೆ ಲೆಕ್ಕಕ್ಕೇ ಇಲ್ವಾ" ಅನ್ನೋ ಭಯ, ಅವನ ಬೇಜಾರು "ಏನ್ ಹೇಳಿದ್ರೂ ನಾನೇ ತಪ್ಪು" ಅನ್ನೋ ಸೋಲು. ಇಬ್ರೂ ಒಂದೇ ಪದ ಬಳಸ್ತಿರ್ತಾರೆ, ಒಬ್ರದ್ದು ಇನ್ನೊಬ್ರಿಗೆ ಗೊತ್ತೇ ಇರಲ್ಲ. ಆ ಸುತ್ತನ್ನ ಪೇಪರ್ ಮೇಲೆ ಬರೆದು ಇಬ್ರ ಮಧ್ಯ ಇಟ್ರೆ ಮುಖದಲ್ಲಿ ಏನೋ ಸಡಿಲ ಆಗುತ್ತೆ, ರೋಲ್‌ಪ್ಲೇಲೂ ಅದನ್ನ ನೋಡಿದೀನಿ.

ಆದ್ರೆ ಇದನ್ನ ಎಲ್ಲರ ಜೊತೆ ಮಾಡೋಕಾಗಲ್ಲ. ಶುರುವಲ್ಲೇ ಇಬ್ರನ್ನೂ ಒಬ್ಬೊಬ್ಬರಾಗಿ ಕೂರ್ಸಿ ಮನೇಲಿ ಹೊಡೆತ ಇದೆಯಾ, ಮಾತಾಡೋಕೆ ಹೆದರಿಕೆ ಇದೆಯಾ ಅಂತ ಕೇಳ್ತೀನಿ. ಇದೆ ಅಂದ್ರೆ ಜೋಡಿ ಸೆಷನ್ ಇಲ್ಲ, ಯಾಕಂದ್ರೆ ರೂಮಲ್ಲಿ ಧೈರ್ಯ ಮಾಡಿ ಆಡಿದ ಮಾತಿಗೆ ಮನೇಲಿ ಏಟು ಬೀಳಬಹುದು. ಆಗ ಮೊದಲು ಅವರ ಸುರಕ್ಷತೆ, ತಕ್ಷಣ ಮೇಡಂಗೆ ಹೇಳ್ತೀನಿ. ಒಬ್ರು ಗುಟ್ಟಾಗಿ ಹೇಳಿದ್ದನ್ನ ಏನ್ ಮಾಡ್ತೀವಿ ಅನ್ನೋದನ್ನೂ ಮೊದಲ ದಿನವೇ ಇಬ್ರಿಗೂ ಹೇಳ್ಬಿಡ್ತೀನಿ. ಹೇಳಿದ್ದು ನನ್ನ ಮತ್ತು ಸೂಪರ್‌ವೈಸರ್ ಮಧ್ಯನೇ ಇರುತ್ತೆ, ಜೀವಕ್ಕೆ ಅಪಾಯ ಇದ್ರೆ, ಇಲ್ಲಾ ಕಾನೂನಿನ ಪ್ರಕಾರ ಹೇಳಲೇಬೇಕಾಗಿ ಬಂದ್ರೆ ಮಾತ್ರ ಬೇರೆ.

ರಾತ್ರಿ ಹೊತ್ತು ತೀರಾ ತಡ್ಕೊಳೋಕಾಗ್ದೆ ಹೋದ್ರೆ ನನ್ನ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕಾಲ್ ಮಾಡಿ, ಫ್ರೀ, 24 ಗಂಟೆ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಇನ್ನು ನಾನು ಟ್ರೈನಿ ಅಂತ ಗೊತ್ತಾದ್ಮೇಲೆ ಬೇರೆಯವರು ಬೇಕು ಅನ್ಸಿದ್ರೆ ನೇರವಾಗಿ ಹೇಳಿ, ಮೇಡಂ ಜೊತೆ ಮಾತಾಡಿ ಯಾರ ಹತ್ರ ಹೋಗಬಹುದು ಅಂತ ನಾನೇ ವಿಚಾರಿಸ್ಕೊಡ್ತೀನಿ.